ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಬಲೂನು: ಚಹಾ ಕುದಿಯುತ್ತದೆ ಸರಿ, ರೊಟ್ಟಿ?

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಈಗ ಗೋಬರ್ ಗ್ಯಾಸ್ ಬಲೂನು ಮಾರುವವರು ಊರೂರಿಗೆ ಬರುತ್ತಿದ್ದಾರೆ. ನಮ್ಮ ಮನೆಯಲ್ಲಿ ಹಾಕಿಸಿ ಬೇಸಿಗೆ, ಮಳೆ, ಚಳಿ ಮೂರೂ ದಾಟಿವೆ. ಹೆಂಗೈತಿ, ಹಾಕಿಸಬಹುದಾ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಫೋನಿನಲ್ಲಿ ಒಬ್ಬೊಬ್ಬರಿಗೆ ಅದನ್ನೇ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಬಲೂನು ಒಳ್ಳೆಯದು, ಸರ್ವಿಸ್ ಕೆಟ್ಟದ್ದು, ಜೊತೆಗೆ ಕೊಡುವ ಒಲೆ ನಮ್ಮ ಕಡೆಯ ಅಡುಗೆಗೆ ಮಾಡಿದ್ದೇ ಅಲ್ಲ. ಕಂಪನಿ ಹೆಸರು ಬರೆಯುವುದಿಲ್ಲ. ಕೇಳಿ ನೋಡಿದರೆ ಬೇರೆಯವರದ್ದೂ ಹೆಚ್ಚುಕಡಿಮೆ ಇದೇ ಕಥೆ.

ನಮ್ಮಲ್ಲಿ ಎರಡು ಎಮ್ಮೆ, ಒಂದು ಜವಾರಿ ಆಕಳು, ಒಂದು ಜೋಡಿ ಎತ್ತು ಇವೆ. ಮನೆಯಲ್ಲಿ ಆರು ಜನ. ಇಷ್ಟಕ್ಕೆ ಎರಡು ಘನ ಮೀಟರಿನದ್ದು, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವಂಥದ್ದು, ಸಾಕು ಎಂದರು, ಅದನ್ನೇ ತಗೊಂಡೆವು. ವಸ್ತು ಏನಪ್ಪಾ ಅಂದರೆ, ದಪ್ಪನೆಯ ಪ್ಲಾಸ್ಟಿಕ್ ಹಾಳೆಯ ಉದ್ದ ಚೀಲ. ತಗ್ಗು ತೋಡಿ ಅರ್ಧ ನೆಲದೊಳಗೆ ಕೂರಿಸುತ್ತಾರೆ. ಒಂದು ತುದಿಯಲ್ಲಿ ಹೆಂಡಿ (ಸಗಣಿ) ಕಲಸಿ ಹಾಕುವ ತೊಟ್ಟಿ, ಇನ್ನೊಂದು ತುದಿಯಲ್ಲಿ ಸ್ಲರಿ, ಅಂದರೆ ಗ್ಯಾಸ್ ಬಿಟ್ಟು ಉಳಿದ ತೆಳು ರಾಡಿ, ಹೊರಗೆ ಬೀಳುವ ಬಾಯಿ, ಮೇಲೆ ಗ್ಯಾಸಿನ ಪೈಪು. ಅಷ್ಟೇ. ಮೋಟರು ಇಲ್ಲ, ಕರೆಂಟು ಬೇಡ. ತಗ್ಗು ತೋಡಿ ಇಟ್ಟಿದ್ದರೆ ಒಂದೇ ದಿನದಲ್ಲಿ ಕೂರಿಸಿ ಹೋಗುತ್ತಾರೆ.

ಇಟ್ಟಿಗೆಯದ್ದು ಯಾಕೆ ಕಟ್ಟಿಸಲಿಲ್ಲ ಅಂತ ಬಹಳ ಜನ ಕೇಳುತ್ತಾರೆ. ಕಾರಣ ಮಣ್ಣು. ನಮ್ಮದು ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನೆಲದೊಳಗೆ ಇಟ್ಟಿಗೆಯ ಗುಮ್ಮಟ ಕಟ್ಟುವ ದೀನಬಂಧು ಮಾದರಿ ಇದೆಯಲ್ಲ, 1984ರಲ್ಲಿ ಆಫ್‌ಪ್ರೊ ಸಂಸ್ಥೆ ತಂದದ್ದು, ಅದು ನಿಜಕ್ಕೂ ಗಟ್ಟಿ ಮಾಲು. ಚೆನ್ನಾಗಿ ಕಟ್ಟಿದರೆ ಇಪ್ಪತ್ತು ವರ್ಷ ಏನೂ ಕೇಳುವುದಿಲ್ಲ. ಆದರೆ ಗುಮ್ಮಟದಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟರೂ ಗ್ಯಾಸ್ ಅಲ್ಲೇ ಹೋಗುತ್ತದೆ, ಕಣ್ಣಿಗೂ ಕಾಣುವುದಿಲ್ಲ. ಸಿಂಧನೂರು ಕಡೆ ನಮ್ಮ ಸಂಬಂಧಿಕರ ಮನೆಯಲ್ಲಿ ಹೀಗೇ ಆಯಿತು. ಎರೆಯಲ್ಲಿ ಕಟ್ಟುವುದಾದರೆ ಸುತ್ತ ಮರಳೋ ಗರಸೋ ತುಂಬಬೇಕು. ಆ ಮೇಸ್ತ್ರಿಗೆ ಅದು ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ಈಗ ಅದರಲ್ಲಿ ಮಳೆನೀರು ನಿಂತಿದೆ. ನಿಮ್ಮದು ಮಸಾರಿ (ಕೆಂಪು ಮಣ್ಣಿನ) ನೆಲ, ಕೆಲಸ ಬಲ್ಲ ಮೇಸ್ತ್ರಿ ಸಿಗುತ್ತಾನೆ ಅಂದರೆ ದೀನಬಂಧುವನ್ನೇ ಕಟ್ಟಿಸಿ, ಬಲೂನಿನ ಗೊಡವೆಗೆ ಹೋಗಬೇಡಿ. ಇನ್ನೊಂದು ಹಳೆಯದು, ಕಬ್ಬಿಣದ ಡ್ರಮ್ಮು ಮೇಲೆ ಕೆಳಗೆ ಆಡುವ ಖಾದಿ ಆಯೋಗದ ಮಾದರಿ. ಅದರಲ್ಲಿ ಉರಿ ಒಂದೇ ಸಮ ಬರುತ್ತದೆ, ಆದರೆ ಡ್ರಮ್ಮಿಗೆ ವರ್ಷ ವರ್ಷ ಬಣ್ಣ ಹೊಡೆಯದಿದ್ದರೆ ತುಕ್ಕು ತಿಂದುಬಿಡುತ್ತದೆ. ನಮ್ಮ ಕಡೆ ಹಿಂದೆ ಹಾಕಿಸಿದ್ದವರ ಮನೆಗಳಲ್ಲಿ ಆ ಡ್ರಮ್ಮುಗಳು ಈಗ ಹಿತ್ತಲಿನಲ್ಲಿ ಬಿದ್ದಿವೆ, ಮೇಲೆ ಕೋಳಿ ಕೂರುತ್ತವೆ.

ಮೊದಲ ಸಲ ತುಂಬುವ ಕೆಲಸದ ಬಗ್ಗೆ ಮಾರುವವರು ಸರಿಯಾಗಿ ಹೇಳುವುದಿಲ್ಲ. ಒಂದೆರಡು ಬುಟ್ಟಿ ಹಾಕಿ ಚಾಲೂ ಮಾಡುವ ವಸ್ತು ಅಲ್ಲ ಇದು. ಟನ್ ಲೆಕ್ಕದಲ್ಲಿ ಹೆಂಡಿ ಬೇಕು, ಅದೂ ಹಸಿ ಹೆಂಡಿ. ತಿಪ್ಪೆಯಲ್ಲಿ ಒಣಗಿದ್ದು ನಡೆಯುವುದಿಲ್ಲ. ಓಣಿಯ ಮನೆಮನೆಗೆ ಹೋಗಿ ಕೇಳಿ ತಂದೆವು. ಪಕ್ಕದ ಊರಿನಲ್ಲಿ ನಡೆಯುತ್ತಿದ್ದ ಒಂದು ಪ್ಲಾಂಟಿನಿಂದ ಎರಡು ಡ್ರಮ್ಮು ಸ್ಲರಿ ತಂದು ಸುರಿದ ಮೇಲೆ ಬೇಗ ಎದ್ದಿತು. ಮೊಸರಿಗೆ ಹೆಪ್ಪು ಹಾಕಿದಂತೆ ಇದು. ನಿಮಗೂ ಹತ್ತಿರದಲ್ಲಿ ಪ್ಲಾಂಟು ಇದ್ದರೆ ಬಿಡಬೇಡಿ. ಮೊದಲು ಬರುವ ಗ್ಯಾಸ್ ಹತ್ತುವುದಿಲ್ಲ, ಅದರಲ್ಲಿ ಹೆಚ್ಚಿನದು ಇಂಗಾಲದ ಡೈಆಕ್ಸೈಡು. ಬಲೂನು ಉಬ್ಬಿತು ಅಂತ ಕಡ್ಡಿ ಗೀಚಿ ಗೀಚಿ ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ಹೊರಗೆ ಬಿಟ್ಟುಬಿಡಬೇಕು. ಆಮೇಲೆ ಬರುವುದರಲ್ಲಿ ನೂರಕ್ಕೆ ಐವತ್ತೈದು ಅರವತ್ತು ಭಾಗ ಮೀಥೇನ್ ಇರುತ್ತದೆ. ಅದು ನೀಲಿಯಾಗಿ ಹತ್ತಿಕೊಳ್ಳುತ್ತದೆ.

ಇನ್ನು ದಿನದ ಕೆಲಸ. ಬೆಳಿಗ್ಗೆ ಕೊಟ್ಟಿಗೆ ಬಳಿದ ಹೆಂಡಿ ತೊಟ್ಟಿಗೆ ಹಾಕಬೇಕು, ಅಷ್ಟೇ ನೀರು ಸುರಿಯಬೇಕು, ಗಂಟಿಲ್ಲದ ಹಾಗೆ ಕಲಸಬೇಕು. ಸೊಪ್ಪೆ, ಹೊಟ್ಟು, ಕಲ್ಲು ಆರಿಸಿ ತೆಗೆಯಬೇಕು. ಇಲ್ಲದಿದ್ದರೆ ಸೊಪ್ಪೆ, ಹೊಟ್ಟು ಒಳಗೆ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ, ಗ್ಯಾಸ್ ಬಿಡುವುದಿಲ್ಲ. ಮಾರುವ ಹುಡುಗ ಗ್ಲೌಸು ಹಾಕಿಕೊಂಡು ಕೋಲಿನಲ್ಲಿ ಕಲಸಿ ತೋರಿಸಿದ. ನಿಜಕ್ಕೂ ಕೈ ಹಾಕಿದರೇನೇ ಗಂಟು ಒಡೆಯುವುದು. ಕುಳ್ಳು (ಬೆರಣಿ) ಬಡಿಯುವವರ ಕೈಗೆ ಇದೇನು ಹೊಸದಲ್ಲ ಬಿಡಿ. ಕುಳ್ಳು ಬಡಿದು, ಒಣಗಿಸಿ, ಬಣವೆ ಒಟ್ಟಿ, ಮಳೆ ಬಂದಾಗ ಓಡಿ ಮುಚ್ಚುವ ಕೆಲಸಕ್ಕೆ ಹೋಲಿಸಿದರೆ ಇದು ಅರ್ಧ ಕೂಡ ಅಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಕುಳ್ಳು ಎರಡು ದಿನ ಬಡಿಯದಿದ್ದರೆ ನಡೆಯುತ್ತದೆ, ಇದಕ್ಕೆ ದಿನಾ ಉಣಿಸಬೇಕು. ಜಾತ್ರೆಗೆ, ಮದುವೆಗೆ ಅಂತ ಮನೆಮಂದಿಯೆಲ್ಲ ಹೋದರೆ ಬಂದ ಮೇಲೆ ಉರಿ ಸಣ್ಣಗಾಗಿರುತ್ತದೆ. ಈ ಕೆಲಸ ಯಾರು ಮಾಡುತ್ತಾರೆ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಗಂಡಸರು ಪ್ಲಾಂಟು ನೋಡಿ ಖುಷಿಯಾಗಿ ಅಡ್ವಾನ್ಸ್ ಕೊಟ್ಟು ಬರುತ್ತಾರೆ, ಕಲಸುವುದು ಹೆಂಗಸರ ಪಾಲು. ನಮ್ಮಲ್ಲಿ ಹೊತ್ತು ಹಾಕುವುದು ನಮ್ಮ ಯಜಮಾನರು, ಕಲಸುವುದು ನಾನು. ಇದನ್ನು ಮೊದಲ ವಾರದಲ್ಲೇ ಗಟ್ಟಿಯಾಗಿ ಹೇಳಿಬಿಟ್ಟಿದ್ದೆ.

ನೀರು ಎರಡನೇ ತೊಂದರೆ. ಗಂಗಾವತಿ, ಕಾರಟಗಿ ಕಡೆ ಕಾಲುವೆ ನೀರು ಕಂಡವರಿಗೆ ಇದು ತಲೆಗೆ ಹೋಗಲಿಕ್ಕಿಲ್ಲ. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಕುಡಿಯುವ ನೀರಿಗೇ ಪಾಳಿ, ಆಗ ಬುಟ್ಟಿಗೆ ಬುಟ್ಟಿ ನೀರು ಹೆಂಡಿಗೆ ಹಾಕುತ್ತೇನೆ ಅಂದರೆ ಅತ್ತೆ ಹೊಡೆಯುವುದೊಂದು ಬಾಕಿ. ನಾವು ಕಂಡುಕೊಂಡ ದಾರಿ ಎರಡು. ದನದ ಗಂಜಲ ಒಂದು ಗುಂಡಿಗೆ ಹರಿದು ಬರುವ ಹಾಗೆ ಕೊಟ್ಟಿಗೆ ನೆಲಕ್ಕೆ ಇಳಿಜಾರು ಮಾಡಿಸಿದೆವು. ಹೊರಗೆ ಬಿದ್ದ ಸ್ಲರಿಯ ಮೇಲೆ ನಿಂತ ತಿಳಿಯನ್ನು ತೆಗೆದು ಮತ್ತೆ ಕಲಸಲು ಬಳಸುತ್ತೇವೆ. ಇವೆರಡರಿಂದ ಹೊಸ ನೀರು ಬಹಳಷ್ಟು ಉಳಿಯಿತು. ಬಚ್ಚಲ ನೀರು ಮಾತ್ರ ಹಾಕಬೇಡಿ. ಸೋಪು, ಫಿನೈಲು ಹೋದರೆ ಒಳಗಿನ ಸೂಕ್ಷ್ಮಜೀವಿಗಳು ಸತ್ತು ಇಡೀ ಪ್ಲಾಂಟು ಮಲಗುತ್ತದೆ.

ಈಗ ಒಲೆಗೆ ಬರೋಣ. ನನ್ನ ದೊಡ್ಡ ತಕರಾರು ಇಲ್ಲೇ ಇರುವುದು.

ಡೆಮೊ ಕೊಡುವಾಗ ಎಲ್ಲರೂ ಚಹಾ ಮಾಡಿ ತೋರಿಸುತ್ತಾರೆ. ಚಹಾ ಯಾವ ಒಲೆಯಲ್ಲಿ ಆಗುವುದಿಲ್ಲ ಹೇಳಿ? ಅನ್ನ, ಸಾರು, ಬೇಳೆ, ಹಾಲು ಕಾಯಿಸುವುದು, ಎಲ್ಲವೂ ಇದರಲ್ಲಿ ಚೆನ್ನಾಗಿ ಆಗುತ್ತವೆ. ಪಾತ್ರೆಯ ತಳಕ್ಕೆ ಮಸಿ ಹತ್ತುವುದಿಲ್ಲ, ಕಣ್ಣು ಉರಿಯುವುದಿಲ್ಲ. ಆದರೆ ನಮ್ಮ ಮನೆಯ ಅಡುಗೆ ಅಂದರೆ ಜೋಳದ ರೊಟ್ಟಿ. ರೊಟ್ಟಿಯ ಹಂಚು ಅಗಲ, ಅದರ ಅಂಚಿನವರೆಗೂ ಒಂದೇ ಸಮ ಕಾವು ಬೇಕು, ಅದೂ ಜೋರು ಕಾವು. ಬಡಿದ ರೊಟ್ಟಿ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವಷ್ಟರಲ್ಲಿ ತಿರುವಿ ಹಾಕಿದರೆ ಅದು ಉಬ್ಬಬೇಕು. ಕಂಪನಿ ಕೊಟ್ಟ ಬರ್ನರಿನ ಉರಿ ಹಂಚಿನ ನಡುವೆ ಒಂದು ಬಟ್ಟಲಿನಷ್ಟು ಜಾಗಕ್ಕೆ ಮಾತ್ರ ತಾಗುತ್ತಿತ್ತು. ನಡುವೆ ಕಪ್ಪು ಚುಕ್ಕೆ, ಅಂಚು ಹಸಿ. ಅಂಚು ಬೇಯಲಿ ಅಂತ ಕಾದರೆ ಅಷ್ಟರಲ್ಲಿ ರೊಟ್ಟಿ ಬಿರುಸಾಗಿ ಹಪ್ಪಳ. ಅತ್ತೆ ಮೂರು ರೊಟ್ಟಿ ಹಾಕಿ ನೋಡಿ, ನಾಲ್ಕನೆಯದಕ್ಕೆ ಹಿಟ್ಟು ನಾದದೇ ಎದ್ದರು. “ಇದರಾಗ ರೊಟ್ಟಿ ಬೇಯೂದಿಲ್ಲವಾ, ಒಣಗತೈತಿ” ಅಂದು ಸೀದಾ ಹತ್ತಿಕಟ್ಟಿಗೆ ಒಲೆ ಮುಂದೆ ಕೂತರು.

ಇದಕ್ಕೆ ಎರಡು ಕಾರಣ ಇವೆ. ಒಂದು ಒತ್ತಡ. ನೆಲದೊಳಗಿನ ಗುಮ್ಮಟದಲ್ಲಿ ಸ್ಲರಿಯೇ ಗ್ಯಾಸನ್ನು ಒತ್ತುತ್ತದೆ, ಜೋರಾಗಿ ಬರುತ್ತದೆ. ಬಲೂನಿನಲ್ಲಿ ಒತ್ತುವವರು ಯಾರೂ ಇಲ್ಲ. ಅರ್ಧ ಖಾಲಿಯಾದ ಮೇಲೆ ಉರಿ ಸೊರಗುತ್ತದೆ. ಬಲೂನಿನ ಮೇಲೆ ಅಗಲ ಬೆಲ್ಟು ಬಿಗಿದರೆ, ಇಲ್ಲವೇ ಮರಳು ತುಂಬಿದ ಮೆತ್ತನೆಯ ಚೀಲ ಹೇರಿದರೆ ಇದು ಸರಿಹೋಗುತ್ತದೆ. ಕಲ್ಲು ಇಡಬೇಡಿ, ಹರಿಯುತ್ತದೆ. ಎರಡನೆಯದು ಬರ್ನರು. ಗೋಬರ್ ಗ್ಯಾಸಿನ ಉರಿ ಸಿಲಿಂಡರ್ ಗ್ಯಾಸಿಗಿಂತ ಮೆದು, ಗಾಳಿ ಬೀಸಿದರೆ ಹಾರಿಹೋಗುತ್ತದೆ. ಅದಕ್ಕೆ ದೊಡ್ಡ ತೂತಿನ ಜೆಟ್ಟು, ಅಗಲ ಬರ್ನರು ಬೇಕು. ಮನೆಯಲ್ಲಿರುವ ಸಿಲಿಂಡರ್ ಒಲೆಗೆ ಈ ಪೈಪು ಹಚ್ಚಿದರೆ ನಡೆಯುವುದಿಲ್ಲ, ಅದರ ಜೆಟ್ಟಿನ ತೂತು ಸಣ್ಣದು. ಗೋಬರ್ ಗ್ಯಾಸ್ ಒಲೆಗೆ ಅಂತಲೇ ಐಎಸ್ 8749 ಎಂಬ ಐಎಸ್‌ಐ ಮಾನದಂಡ ಇದೆ. ನಮಗೆ ಕೊಟ್ಟ ಒಲೆಯ ಮೇಲೆ ಆ ನಂಬರೂ ಇರಲಿಲ್ಲ, ಐಎಸ್‌ಐ ಗುರುತೂ ಇರಲಿಲ್ಲ. ಆಮೇಲೆ ಬೇರೆ ಕಡೆಯಿಂದ ಆ ಗುರುತಿನ ದೊಡ್ಡ ಬರ್ನರಿನ ಒಲೆ ತರಿಸಿದೆವು, ಅಡುಗೆಮನೆಯ ಕಿಟಕಿ ಕಡೆಗೆ ತಗಡು ಮರೆ ಮಾಡಿದೆವು, ಬೆಲ್ಟು ಬಿಗಿದೆವು. ಈಗ ರೊಟ್ಟಿ ಉಬ್ಬುತ್ತದೆ. ಕಟ್ಟಿಗೆ ಒಲೆಯ ರುಚಿ ಬರುವುದಿಲ್ಲ ಅಂತ ಅತ್ತೆ ಇನ್ನೂ ಅನ್ನುತ್ತಾರೆ, ಅದು ನಿಜವೂ ಹೌದು. ಖಡಕ್ ರೊಟ್ಟಿಗೆ ಮಾತ್ರ ಈಗಲೂ ಕಟ್ಟಿಗೆಯೇ.

ಗ್ಯಾಸ್ ಎಷ್ಟು ಬರುತ್ತದೆ? ಪುಸ್ತಕದ ಲೆಕ್ಕ ಹೀಗಿದೆ. ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 25 ಕೆಜಿ ಹಸಿ ಹೆಂಡಿ, ಅಂದರೆ ಎರಡಕ್ಕೆ 50 ಕೆಜಿ. ಒಂದು ಘನ ಮೀಟರ್ ಗ್ಯಾಸು ಸುಮಾರು 0.43 ಕೆಜಿ ಎಲ್‌ಪಿಜಿಗೆ ಸಮ. ತಿಂಗಳಿಡೀ ಪೂರ್ತಿ ಬಂದರೆ 26 ಕೆಜಿ ಆಯಿತು, 14.2 ಕೆಜಿಯ ಎರಡು ಸಿಲಿಂಡರಿಗೆ ಸ್ವಲ್ಪ ಕಡಿಮೆ. ಮಾರುವವರು ತಿಂಗಳಿಗೆ ಎರಡು ಸಿಲಿಂಡರ್ ಉಳಿತಾಯ ಅನ್ನುವುದು ಈ ಲೆಕ್ಕದಿಂದ. ಆದರೆ 50 ಕೆಜಿ ಹೆಂಡಿ ದಿನಾ ಎಲ್ಲಿಂದ ಬರಬೇಕು? ಎಮ್ಮೆ ದಿನಕ್ಕೆ 15 ಕೆಜಿ ಹಾಕಿದರೆ, ಜವಾರಿ ಆಕಳು ಹತ್ತು. ಅದೂ ಇಡೀ ದಿನ ಮನೆಯಲ್ಲೇ ಕಟ್ಟಿದ್ದರೆ. ಮೇಯಲು ಬಿಟ್ಟರೆ ಅರ್ಧ ಹೆಂಡಿ ಅಡವಿ ಪಾಲು. ನಮ್ಮ ಎತ್ತುಗಳದ್ದು ರಾತ್ರಿಯದ್ದು ಮಾತ್ರ ಸಿಗುತ್ತದೆ. ಹಾಗಾಗಿ “ಎರಡು ದನ ಇದ್ದರೆ ಸಾಕು” ಎಂಬ ಮಾತು ಸುಳ್ಳು. ನಾಲ್ಕಾದರೂ ಬೇಕು. ನಮಗೆ ತಿಂಗಳಿಗೆ ಒಂದು ಸಿಲಿಂಡರಿನಷ್ಟು ಧಾರಾಳವಾಗಿ ಉಳಿಯುತ್ತದೆ. ಬೇಸಿಗೆಯಲ್ಲಿ ಅದಕ್ಕಿಂತ ಜಾಸ್ತಿ, ಡಿಸೆಂಬರ್ ಚಳಿಯಲ್ಲಿ ಕಡಿಮೆ. ಕೊಪ್ಪಳದ ಬಿಸಿಲನ್ನು ಎಲ್ಲರೂ ಬೈಯುತ್ತಾರೆ, ಇದಕ್ಕೆ ಮಾತ್ರ ಹೇಳಿ ಮಾಡಿಸಿದ ಬಿಸಿಲು.

ಹೆಂಡಿಯ ಈ ಲೆಕ್ಕ ತಪ್ಪಿದರೆ ದೊಡ್ಡವರ ಯೋಜನೆಯೂ ನಿಲ್ಲುತ್ತದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನದ ಮೇಲೆ ಕೆಲಸ ಮಾಡುವ ಅಸ್ತ್ರ ತಂಡ, ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ, ಊರಿಗೆಲ್ಲ ಒಂದು ಗೋಬರ್ ಗ್ಯಾಸ್ ಪ್ಲಾಂಟು ಮಾಡಿತ್ತು. ಮೊದಲು ಅಡುಗೆಗೆ ಅಂತ ಹೊರಟರು, ಊರಿನ ಎಲ್ಲ ಒಲೆಗೆ ಸಾಲುವಷ್ಟು ಹೆಂಡಿ ಸಿಗಲಿಲ್ಲ. ಆಮೇಲೆ 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕೊಳವೆಬಾವಿಯಿಂದ ನೀರು ಕೊಟ್ಟರು. ಹೆಂಡಿ ತಂದುಕೊಟ್ಟವರು ಸ್ಲರಿ ವಾಪಸ್ ಒಯ್ಯುತ್ತಿದ್ದರು. ನಮ್ಮ ಪಂಚಾಯ್ತಿಯಲ್ಲಿ ಊರಿಗೊಂದು ದೊಡ್ಡ ಪ್ಲಾಂಟು ಮಾಡೋಣ ಅಂತ ಮಾತು ಬಂದಾಗ ನಾನು ಇದನ್ನು ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅದು ಬೇರೆ ಮಾತು.

ಸರ್ವಿಸ್ ಬಗ್ಗೆ ಜಾಸ್ತಿ ಬರೆದರೆ ಬಿಪಿ ಏರುತ್ತದೆ. ಉರಿ ಭಗ್ ಭಗ್ ಅಂತ ಕುಣಿಯುತ್ತಿದೆ ಅಂತ ಫೋನ್ ಮಾಡಿದರೆ “ಅಕ್ಕಾರ, ನಾಳೆ ಬರ್ತೀನ್ರಿ” ಅನ್ನುತ್ತಾನೆ. ಆ ನಾಳೆ ಯುಗಾದಿ ದಾಟಿದರೂ ಬರಲಿಲ್ಲ. ಕೊನೆಗೆ ನಾವೇ ನೋಡಿದೆವು. ಪೈಪಿನೊಳಗೆ ನೀರು ನಿಂತಿತ್ತು. ಗ್ಯಾಸಿನ ಜೊತೆ ಬರುವ ಹಬೆ ತಣ್ಣಗಾಗಿ ನೀರಾಗುತ್ತದೆ. ಪೈಪಿನ ತಗ್ಗಾದ ಜಾಗದಲ್ಲಿ ನೀರು ಬಿಡುವ ಒಂದು ನಲ್ಲಿ ಇಟ್ಟಿದ್ದರೆ ಮುಗಿಯಿತು. ನಮಗೆ ಹಾಕಿದ ಪೈಪಿನಲ್ಲಿ ಅದು ಇರಲೇ ಇಲ್ಲ. ಕುಷ್ಟಗಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನಿನಲ್ಲಿ ನಮ್ಮೂರ ಪ್ಲಂಬರ್ ಹಾಕಿಕೊಟ್ಟ. ಈಗ ಆಗಾಗ ತಿರುವಿ ನೀರು ಬಿಡುತ್ತೇವೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಲೆಕ್ಕ. ಉರಿ ಹತ್ತಿದ ಮೇಲೆ ಆ ವಾಸನೆ ಇರುವುದಿಲ್ಲ. ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಏಳುವ ಕಡೆ ತೂತು. ಬೆಂಕಿಕಡ್ಡಿ ಹಚ್ಚಿ ನೋಡುವ ಶೂರರು ಇದ್ದಾರೆ, ದಯವಿಟ್ಟು ಬೇಡ. ಆ ವಾಸನೆಯ ಗ್ಯಾಸೇ ಬರ್ನರನ್ನೂ ತಿನ್ನುತ್ತದೆ. ಕಬ್ಬಿಣದ ಪುಡಿ ತುಂಬಿದ ಸಣ್ಣ ಫಿಲ್ಟರ್ ಕೊಡುತ್ತಾರೆ, ಅದರೊಳಗಿನ ಪುಡಿ ಬದಲಿಸುತ್ತಿರಬೇಕು. ಇದನ್ನೂ ಯಾರೂ ಹೇಳಿರಲಿಲ್ಲ.

ಬಲೂನಿಗೆ ಬೇಲಿ ಹಾಕದೇ ಬಿಡಬೇಡಿ. ಮೇಕೆಗೆ ಅದರ ಮೇಲೆ ಹತ್ತಿ ನಿಲ್ಲುವುದೆಂದರೆ ಏನು ಖುಷಿಯೋ. ಇಲಿ ಇನ್ನೊಂದು ಕಾಟ. ಸಣ್ಣ ತೂತಾದರೆ ಪ್ಯಾಚು ಹಚ್ಚಬಹುದು, ಒಂದು ಪ್ಯಾಚಿನ ಕಿಟ್ ಮೊದಲೇ ಇಸಿದುಕೊಂಡಿರಿ. ಮತ್ತೆ, ಒಳಗೆ ಇಳಿಯುವ ಇಟ್ಟಿಗೆ ಪ್ಲಾಂಟು ಇರುವವರು ಯಾವ ಕಾರಣಕ್ಕೂ ಸುಮ್ನೆ ಗುಂಡಿಗೆ ಇಳಿಯಬೇಡಿ, ಉಸಿರು ನಿಲ್ಲಲು ಎರಡು ನಿಮಿಷ ಸಾಕು.

ಗ್ಯಾಸಿಗಾಗಿ ಹಾಕಿಸಿದ್ದು ಹೌದು, ಆದರೆ ಈಗ ನಮ್ಮ ಯಜಮಾನರನ್ನು ಕೇಳಿದರೆ ಮೊದಲು ಸ್ಲರಿ ಹೊಗಳುತ್ತಾರೆ. ತಿಪ್ಪೆಯಲ್ಲಿ ಬಿಸಿಲಿಗೆ ಬಿದ್ದ ಗೊಬ್ಬರದಲ್ಲಿ ಸಾರಜನಕದ ಸಾಕಷ್ಟು ಪಾಲು ಗಾಳಿಗೆ ಹೋಗುತ್ತದೆ. ಬಲೂನಿನಲ್ಲಿ ಹೋಗುವುದು ಗ್ಯಾಸ್ ಮಾತ್ರ, ಗೊಬ್ಬರದ ಸತ್ವ ಉಳಿಯುತ್ತದೆ. ಕಳೆಬೀಜವೂ ಬಹಳಷ್ಟು ಸಾಯುತ್ತದೆ. ತಿಪ್ಪೆ ಗೊಬ್ಬರ ಹಾಕಿದ ಕಡೆ ಕಸ ಹುಟ್ಟುವುದು ನೋಡಿದವರಿಗೆ ಇದರ ಬೆಲೆ ಗೊತ್ತು. ನಾವು ಮೆಣಸಿನಕಾಯಿ ಮಡಿಗೆ, ಬದನೆಗೆ ನೀರು ಬೆರೆಸಿ ಬುಡಕ್ಕೆ ಹಾಕುತ್ತೇವೆ. ಪಕ್ಕದ ಹೊಲದ ದಾಳಿಂಬೆಯವರು ಡ್ರಮ್ಮು ತಂದು ಒಯ್ಯುತ್ತಾರೆ, ದುಡ್ಡು ಕೊಟ್ಟೇ ಒಯ್ಯುತ್ತಾರೆ. ಗುಜರಾತಿನ ಆಣಂದ ಜಿಲ್ಲೆಯ ಝಕರಿಯಾಪುರದಲ್ಲಿ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯ (ಎನ್‌ಡಿಡಿಬಿ) ನೆರವಿನಿಂದ ಹೆಣ್ಣುಮಕ್ಕಳೇ ಸಂಘ ಮಾಡಿಕೊಂಡು ಮನೆಮನೆಯ ಸ್ಲರಿ ಮಾರುತ್ತಾರೆ. ನಮ್ಮ ಹಾಲಿನ ಡೈರಿಗಳಿಗೂ ಇದು ಹೊಳೆದರೆ ಚೆನ್ನಾಗಿತ್ತು, ಅಲ್ವಾ? ಒಂದು ತೊಂದರೆ ಇದೆ. ಸ್ಲರಿ ತೆಳು, ದೂರದ ಹೊಲಕ್ಕೆ ಸಾಗಿಸಲು ಆಗುವುದಿಲ್ಲ. ಗುಂಡಿಗೆ ಒಣ ಎಲೆ, ಹೊಟ್ಟು ಹಾಕಿ ಅದರಲ್ಲಿ ಹೀರಿಸಿ ಒಯ್ಯಬೇಕು.

ಕುರಿ ಸಾಕಿದವರು ಕೇಳಿದ್ದರು, ಹಿಕ್ಕೆ ನಡೆಯುತ್ತದಾ ಅಂತ. ನಡೆಯುತ್ತದೆ, ಆದರೆ ರಾತ್ರಿ ನೆನೆಸಿ ಹಿಸುಕಬೇಕು, ಇಲ್ಲವಾದರೆ ಕಾಳು ಕಾಳಾಗಿಯೇ ಹೊರಗೆ ಬರುತ್ತದೆ. ಹೊಲದಲ್ಲಿ ಹಿಂಡು ತರುಬಿದರೆ ಅದೇ ಹಿಕ್ಕೆಗೆ ದುಡ್ಡು ಸಿಗುವಾಗ ಈ ಕೆಲಸ ಯಾಕೆ ಅನ್ನುವುದು ನನ್ನ ಅಭಿಪ್ರಾಯ. ಕೋಳಿ ಗೊಬ್ಬರ ಒಂದನ್ನೇ ಹಾಕಬೇಡಿ. ಅಮೋನಿಯಾ ಜಾಸ್ತಿಯಾಗಿ ಗ್ಯಾಸ್ ನಿಲ್ಲುತ್ತದೆ, ಹೆಂಡಿಯ ಜೊತೆ ಸ್ವಲ್ಪ ಬೆರೆಸಿ ಹಾಕಬಹುದು.

ಸ್ಟಾರ್ ಕೊಡುವುದಾದರೆ ಬಲೂನಿಗೆ 5ಕ್ಕೆ 4, ಒಲೆಗೆ 2, ಸರ್ವಿಸಿಗೆ 1. ಮನೆಯಲ್ಲಿ ನಾಲ್ಕು ದನ ಕಟ್ಟಿದ್ದು, ಬೇಸಿಗೆಯಲ್ಲೂ ಬೋರಿನಲ್ಲಿ ಅಷ್ಟಿಷ್ಟು ನೀರಿದ್ದು, ಹತ್ತಿರದಲ್ಲೇ ಹೊಲವೋ ತೋಟವೋ ಇದ್ದರೆ ಹಾಕಿಸಿ. ಮುಂದಿನ ವರ್ಷ ಎಮ್ಮೆ ಮಾರುವ ಯೋಚನೆ ಇರುವವರು ಹಾಕಿಸಬೇಡಿ. ದುಡ್ಡು ಕೊಡುವ ಮುಂಚೆ ಸಬ್ಸಿಡಿಯ ವಿಷಯ ವಿಚಾರಿಸಿ. 2022ರ ನವೆಂಬರಿನಲ್ಲಿ ಕೇಂದ್ರ ಹೊರಡಿಸಿದ ರಾಷ್ಟ್ರೀಯ ಜೈವಿಕ ಶಕ್ತಿ ಕಾರ್ಯಕ್ರಮದಲ್ಲಿ ನಮ್ಮಂಥ ರಾಜ್ಯಗಳಿಗೆ 2ರಿಂದ 4 ಘನ ಮೀಟರಿನ ಪ್ಲಾಂಟಿಗೆ 14,350 ರೂಪಾಯಿ ಇಟ್ಟಿದ್ದರು. ಮಂಜೂರಾತಿ ಆಗುವ ಮೊದಲೇ ಕೂರಿಸಿಬಿಟ್ಟರೆ ಆಮೇಲೆ ಅಲೆದಾಟ ನಿಮ್ಮದು. ಏಜೆಂಟ್ “ನಾವೇ ಎಲ್ಲ ಮಾಡಿಸಿಕೊಡ್ತೀವಿ” ಅಂದರೆ ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನೀರು ಬಿಡುವ ನಲ್ಲಿ, ಪ್ಯಾಚಿನ ಕಿಟ್, ಫಿಲ್ಟರಿನ ಪುಡಿ, ಐಎಸ್‌ಐ ಗುರುತಿನ ಒಲೆ, ವರ್ಷಕ್ಕೆ ಎಷ್ಟು ಸಲ ಬಂದು ನೋಡುತ್ತಾರೆ ಎಂಬುದು, ಇವೆಲ್ಲವೂ ಅದೇ ಕಾಗದದಲ್ಲಿ ಇರಲಿ. ಡೆಮೊಗೆ ಬಂದವನಿಗೆ ಚಹಾ ಬೇಡ ಅನ್ನಿ, ಹಂಚು ಇಟ್ಟುಕೊಡಿ.